ಹುಳದ ಕೋಣೆಯ ಆಣೆ

ನಮ್ಮ ಮನೆಯಲ್ಲಿ ಎಲ್ಲಕ್ಕಿಂತ ಒಳ್ಳೆಯ ಕೋಣೆ ಹುಳಗಳದು. ಮಳವಳ್ಳಿಯ ಆ ಮನೆಗೆ ಬೀದಿಯ ಕಡೆ ಜಗಲಿ, ಜಗಲಿ ದಾಟಿದರೆ ನಡುಮನೆ, ನಡುಮನೆಯ ಎಡಕ್ಕೆ ಗಾಳಿ ಬೆಳಕು ಎರಡೂ ಹದವಾಗಿ ಬರುವ ದೊಡ್ಡ ಕೋಣೆ, ಹಿಂದೆ ಅಡುಗೆಮನೆ, ಅದರಾಚೆ ಹಿತ್ತಿಲು ಮತ್ತು ಕೊಟ್ಟಿಗೆ. ಬೇರೆಯವರಾದರೆ ಅಂಥ ಕೋಣೆಯನ್ನು ಮನೆಯ ಯಜಮಾನನಿಗೋ ಹೊಸದಾಗಿ ಮದುವೆಯಾದ ಮಗ ಸೊಸೆಗೋ ಬಿಡುತ್ತಿದ್ದರು. ನಮ್ಮಲ್ಲಿ ಅದು ರೇಷ್ಮೆ ಹುಳಗಳಿಗೆ ಮೀಸಲು. ಬಿದಿರಿನ ಅಟ್ಟಣೆಗಳ ಮೇಲೆ ಒಂದರ ಮೇಲೊಂದು ಸಗಣಿ ಸಾರಿಸಿದ ತಟ್ಟೆಗಳು, ಇರುವೆ ಹತ್ತದಂತೆ ಅಟ್ಟಣೆಯ ಪ್ರತಿ ಕಾಲಿಗೂ ನೀರು ತುಂಬಿದ ಕಲ್ಲಿನ ಬಟ್ಟಲು. ಮನುಷ್ಯರೆಲ್ಲ ಉಳಿದ ಜಾಗದಲ್ಲಿ ಹೊಂದಿಕೊಳ್ಳುತ್ತಿದ್ದೆವು. ಅಪ್ಪ ಜಗಲಿಯಲ್ಲಿ, ಅಣ್ಣ ಅತ್ತಿಗೆ ಕೊಟ್ಟಿಗೆ ಪಕ್ಕದ ಸಣ್ಣ ಕೋಣೆಯಲ್ಲಿ, ಅವ್ವ ಮತ್ತು ನಾನು ನಡುಮನೆಯಲ್ಲಿ. ಅಜ್ಜಿಯ ಚಾಪೆ ಮಾತ್ರ ಹುಳದ ಕೋಣೆಯ ಹೊಸ್ತಿಲಿಗೆ ಅಡ್ಡ. ಅವಳನ್ನು ದಾಟದೆ ಯಾರೂ ಒಳಗೆ ಹೋಗುವಂತಿರಲಿಲ್ಲ.

ಮೊಟ್ಟೆ ಒಡೆದು ಹುಳ ಹೊರಬಂದ ದಿನದಿಂದ ಗೂಡು ಕಟ್ಟುವವರೆಗೆ ಹತ್ತಿರ ಹತ್ತಿರ ಒಂದು ತಿಂಗಳು. ಅಷ್ಟು ದಿನ ಮನೆ ನಮ್ಮದಲ್ಲ. ಒಗ್ಗರಣೆಯ ಘಾಟು ಹುಳಕ್ಕೆ ಆಗದು ಎಂದು ಒಲೆ ಹಿತ್ತಿಲಿಗೆ ಹೋಗುತ್ತಿತ್ತು, ಅಲ್ಲೂ ಒಗ್ಗರಣೆ ಇಲ್ಲ. ಮುದ್ದೆ, ಉಪ್ಸಾರು, ಮಾರನೆಯ ದಿನ ಮತ್ತೆ ಮುದ್ದೆ, ಉಪ್ಸಾರು. ಅದರ ಖಾರಕ್ಕೆ ಬೇಕಾದ ಮೆಣಸಿನಕಾಯಿಯನ್ನು ಅವ್ವ ಪಕ್ಕದ ಮನೆಯಲ್ಲಿ ಹುರಿದುಕೊಂಡು ಬರುತ್ತಿದ್ದಳು. ಅಪ್ಪ ಬೀಡಿ ಸೇದಬೇಕೆಂದರೆ ಬೀದಿಯ ಕೊನೆಗೆ ಹೋಗಬೇಕು, ಬಂದು ಬಾಯಿ ಮುಕ್ಕಳಿಸಬೇಕು. ಹೂ ಮುಡಿಯುವಂತಿಲ್ಲ. ನೆಂಟರು ಬಂದರೆ ಜಗಲಿಯಲ್ಲೇ ಮಾತಾಡಿಸಿ ಕಳಿಸುವುದು. ಮುಟ್ಟಾದ ಹೆಂಗಸು ಕೊಟ್ಟಿಗೆಯ ಮೂಲೆಯಿಂದ ಈಚೆ ಬರುವಂತಿಲ್ಲ. ಬಂದರೆ ತಟ್ಟೆ ತಟ್ಟೆ ಹುಳ ಕೆಟ್ಟುಹೋಗುತ್ತವೆ ಎಂದು ನಮ್ಮ ಮನೆಯಲ್ಲಷ್ಟೇ ಅಲ್ಲ, ಹುಳ ಸಾಕುವ ಎಲ್ಲ ಮನೆಗಳಲ್ಲೂ ನಂಬಿದ್ದರು. ಎಲ್ಲಕ್ಕಿಂತ ದೊಡ್ಡ ಕಟ್ಟಳೆ ದನಿಯದು. ಗದ್ದಲ ಮಾಡಿದರೆ ಹುಳ ಸೊಪ್ಪು ತಿನ್ನುವುದನ್ನು ನಿಲ್ಲಿಸುತ್ತದೆ ಎಂದು ಅಜ್ಜಿಯ ಮಾತು. ಹಾಗಾಗಿ ವರ್ಷದಲ್ಲಿ ಐದು ತಿಂಗಳು ನಾವೆಲ್ಲ ಗುಸುಗುಸು ಮಾತಿನಲ್ಲೇ ಬದುಕುತ್ತಿದ್ದೆವು.

ಜಗಳ ನಿಲ್ಲುತ್ತಿರಲಿಲ್ಲ, ದನಿ ಮಾತ್ರ ಇಳಿಯುತ್ತಿತ್ತು. ಅಜ್ಜಿಗೂ ಅವ್ವನಿಗೂ ಸೊಪ್ಪು ಹೆಚ್ಚುವ ವಿಷಯಕ್ಕೆ, ಸಗಣಿ ಸಾರಿಸುವ ವಿಷಯಕ್ಕೆ, ನೀರಿಗೆ, ಬೂದಿಗೆ, ಏನಿಲ್ಲದಿದ್ದರೆ ಹಿಂದಿನ ಬೆಳೆಯಲ್ಲಿ ಯಾರು ಏನೆಂದಿದ್ದರು ಎಂಬುದಕ್ಕೆ ಜಗಳ. ಇಬ್ಬರೂ ಎದುರುಬದುರು ಕೂತು, ಕತ್ತಿನ ನರ ಉಬ್ಬಿಸಿಕೊಂಡು, ತುಟಿಯಲ್ಲೇ ಕೂಗಾಡುವರು. ಅಜ್ಜಿ ಹುಬ್ಬನ್ನು ಒಂದಿಷ್ಟು ಮೇಲೇರಿಸಿದರೆ ಅವ್ವನ ತವರುಮನೆಯ ಮಾನ ಹೋಯಿತೆಂದು ಅರ್ಥ. ಅವ್ವ ಸೆರಗಿನ ತುದಿಯನ್ನು ಝಾಡಿಸಿ ಎದ್ದರೆ ಆ ಹೊತ್ತಿನ ಊಟ ತನಗೆ ಬೇಡ ಎಂದು. ನಾನು ಸಿನಿಮಾ ನಟಿಯಾದ ಮೇಲೆ ಪತ್ರಿಕೆಯವರು ಸಂದರ್ಶನಕ್ಕೆ ಬಂದಾಗಲೆಲ್ಲ, ಮಾತಿಲ್ಲದೆ ಮುಖದಲ್ಲೇ ಅಷ್ಟನ್ನು ಹೇಳುವುದನ್ನು ಎಲ್ಲಿ ಕಲಿತಿರಿ ಎಂದು ಕೇಳುತ್ತಾರೆ. ಹುಳ ಸಾಕಿ ಕಲಿತೆ ಎಂದರೆ ನಗುತ್ತಾರೆ, ಬರೆದುಕೊಳ್ಳುವುದಿಲ್ಲ. ನಿಮ್ಮ ಗುರುಗಳ ಹೆಸರು ಹೇಳಿ ಎಂದು ಮತ್ತೆ ಕೇಳುತ್ತಾರೆ.

ಅತ್ತಿಗೆ ಸಾಕಮ್ಮ ಬಸರಾಳು ಕಡೆಯ ಹೆಣ್ಣು. ಅವಳು ನಮ್ಮ ಮನೆಗೆ ಬಂದಾಗ ಅವಳಿಗೆ ಹದಿನಾರು ಇರಬಹುದು, ನನಗೆ ಹತ್ತು ದಾಟಿತ್ತು. ದಷ್ಟಪುಷ್ಟ ಹುಡುಗಿ, ಒಂದು ಹೊರೆ ಹಿಪ್ಪುನೇರಳೆ ಸೊಪ್ಪನ್ನು ತಲೆ ಮೇಲೆ ಹೊತ್ತುಕೊಂಡು ಕೈ ಬಿಟ್ಟು ನಡೆಯುತ್ತಿದ್ದಳು. ಅವರ ಮನೆಯಲ್ಲಿ ಹುಳ ಇರಲಿಲ್ಲ, ಹೊಲ ಗದ್ದೆಯ ಜನ. ಗದ್ದೆಯ ಈ ಬದುವಿನಿಂದ ಆ ಬದುವಿಗೆ ಕೂಗಿ ಮಾತಾಡಿ ಬೆಳೆದವಳಿಗೆ ನಮ್ಮ ಮನೆಯ ಗುಸುಗುಸು ಮೈಗೆ ಹತ್ತಲು ಒಂದು ವರ್ಷ ಹಿಡಿಯಿತು. ಅವಳ ಇನ್ನೊಂದು ತೊಂದರೆ ಎಂದರೆ ಅವಳಿಗೆ ಸುಳ್ಳು ಬರುತ್ತಿರಲಿಲ್ಲ. ಸತ್ಯವಂತೆ ಎಂದು ಹೊಗಳುತ್ತಿಲ್ಲ, ಬರುತ್ತಿರಲಿಲ್ಲ ಅಷ್ಟೆ. ಕೆಲವರಿಗೆ ಈಜು ಬರುವುದಿಲ್ಲವಲ್ಲ, ಹಾಗೆ. ಮೊಸರು ಯಾರು ಚೆಲ್ಲಿದ್ದು ಎಂದು ಅಜ್ಜಿ ಕೇಳಿದರೆ, ಚೆಲ್ಲಿದವಳು ನಾನೇ ಆಗಿದ್ದರೂ ಅತ್ತಿಗೆಯ ಕಿವಿ ಕೆಂಪಾಗುತ್ತಿತ್ತು.

ನಾನು ಅವಳಿಗೆ ಆಟ ತೋರಿಸುತ್ತಿದ್ದೆ. ಹಿಪ್ಪುನೇರಳೆ ತೋಟದಲ್ಲಿ ಸೊಪ್ಪು ಬಿಡಿಸುವಾಗ, ಹೊಸ್ತಿಲಿಗೆ ಅಡ್ಡ ಕೂತ ಅಜ್ಜಿ ಹೇಗೆ ಕಣ್ಣಲ್ಲೇ ಜನರನ್ನು ತೂಗುತ್ತಾಳೆ, ಅಪ್ಪ ಬೀಡಿ ಸೇದಿ ಬಂದು ಹೇಗೆ ಏನೂ ಆಗದವನ ಮುಖ ಮಾಡುತ್ತಾನೆ, ಮದ್ದೂರಿನ ಮಾವ ಊಟಕ್ಕೆ ಕೂತರೆ ಹೇಗೆ ಎರಡನೆಯ ಮುದ್ದೆ ಬೇಡ ಬೇಡವೆನ್ನುತ್ತಲೇ ತಟ್ಟೆಯನ್ನು ಮುಂದಕ್ಕೆ ಸರಿಸುತ್ತಾನೆ, ಎಲ್ಲವನ್ನೂ. ಅತ್ತಿಗೆ ಸೆರಗನ್ನು ಬಾಯಿಗೆ ತುರುಕಿಕೊಂಡು ನಗುವಳು. ನಕ್ಕು ಸುಸ್ತಾಗಿ, ‘ಸಾಕ್ ಬುಡವ್ವ, ಒಟ್ಟೆ ನೋಯ್ತದೆ’ ಎಂದು ಬದುವಿನ ಮೇಲೆ ಕೂರುವಳು. ಆಮೇಲೆ ದೊಡ್ಡ ದೊಡ್ಡ ಸಭೆಗಳನ್ನು ನಗಿಸಿದ್ದೇನೆ. ಒಬ್ಬಳನ್ನೇ ನಗಿಸುವುದು ಅದಕ್ಕಿಂತ ಕಷ್ಟ ಎಂಬುದು ನನಗೆ ಆಗಲೇ ಗೊತ್ತಿತ್ತು.

ನಾನು ಗಟ್ಟಿಯಾಗಿ ಮಾತಾಡಬಹುದಾದ ಜಾಗ ಒಂದೇ, ಶಾಲೆ. ಮಿಡ್ಲಿಸ್ಕೂಲಿನಲ್ಲಿ ನಾವು ಹೆಣ್ಣುಮಕ್ಕಳು ಏಳೋ ಎಂಟೋ ಜನ. ಮೈಸೂರಿನಿಂದ ಬಂದಿದ್ದ ಮೇಡಂ ಒಬ್ಬರು ಕನ್ನಡ ಪಾಠವನ್ನು ನನ್ನಿಂದಲೇ ಓದಿಸುತ್ತಿದ್ದರು. ಮೊದಲ ಸಲ ಎದ್ದು ನಿಂತು ಓದಿದಾಗ ನನ್ನ ದನಿ ಎದುರಿನ ಗೋಡೆಗೆ ತಾಗಿ ನನಗೇ ಕೇಳಿಸಿತು. ಅಷ್ಟು ದೊಡ್ಡ ದನಿ ನನ್ನೊಳಗೆ ಇದೆಯೆಂದು ಅದುವರೆಗೆ ನನಗೆ ತಿಳಿದಿರಲಿಲ್ಲ. ಇನ್ನೊಂದು ವರ್ಷ ಓದಿ ಲೋಯರ್ ಸೆಕೆಂಡರಿ ಪರೀಕ್ಷೆಗೆ ಕೂತರೆ ಮೈಸೂರಿನಲ್ಲಿ ಟೀಚರ್ ಟ್ರೇನಿಂಗಿಗೆ ಸೇರಿಸಬಹುದು ಎಂದು ಮೇಡಂ ಒಮ್ಮೆ ಅಪ್ಪನಿಗೆ ಹೇಳಿದ್ದರು. ಅಪ್ಪ ಹೂಂ ಎಂದೂ ಅನ್ನಲಿಲ್ಲ, ಊಹೂಂ ಎಂದೂ ಅನ್ನಲಿಲ್ಲ. ಯುದ್ಧದ ಕಾಲ ಅದು. ನಮ್ಮ ರೇಷ್ಮೆಯಲ್ಲಿ ಆಕಾಶದಿಂದ ಹಾರುವ ಸೋಲ್ಜರುಗಳಿಗೆ ಕೊಡೆ ಮಾಡುತ್ತಾರಂತೆ ಎಂದು ಸುದ್ದಿ ಹಬ್ಬಿ, ಎಲ್ಲರೂ ಬೆಳೆಯ ಮೇಲೆ ಬೆಳೆ ಇಡುತ್ತಿದ್ದರು. ಮಗಳ ಓದಿನ ಬಗ್ಗೆ ಯೋಚಿಸಲು ಅಪ್ಪನಿಗೆ ಪುರಸೊತ್ತಿರಲಿಲ್ಲ.

ಯೋಚಿಸುವ ಅಗತ್ಯವೂ ಇರಲಿಲ್ಲ. ನಮ್ಮಲ್ಲಿ ಹುಡುಗಿ ಮೈನೆರೆದ ದಿನಕ್ಕೆ ಶಾಲೆ ಮುಗಿಯಿತು. ಸೋದರಮಾವ ಬಂದು ಹಸಿರು ಸೊಪ್ಪಿನ ಗುಡ್ಲು ಹಾಕುತ್ತಾನೆ, ಹುಡುಗಿಯನ್ನು ಅದರಲ್ಲಿ ಕೂರಿಸಿ ಕೊಬ್ಬರಿ ಬೆಲ್ಲ ತಿನ್ನಿಸುತ್ತಾರೆ, ಮುಂದಿನ ಲಗ್ನಕ್ಕೆ ಅದೇ ಮಾವನಿಗೆ ಕೊಟ್ಟು ಕಳಿಸುತ್ತಾರೆ. ನನ್ನ ಮಾವ ಮದ್ದೂರಿನಲ್ಲಿ ಗಾಡಿಚಕ್ರ ಮಾಡಿಸಿ ಮಾರುತ್ತಿದ್ದ. ಮೂವತ್ತು ದಾಟಿದ್ದ, ಅವ್ವನ ಒಬ್ಬನೇ ತಮ್ಮ. ಕೆಟ್ಟವನಲ್ಲ. ಬಂದಾಗಲೆಲ್ಲ ನನಗೆ ಬತ್ತಾಸು ತರುತ್ತಿದ್ದ, ಕೊಡುವಾಗ ನನ್ನ ಎತ್ತರವನ್ನು ಕಣ್ಣಲ್ಲೇ ಅಳೆಯುತ್ತಿದ್ದ. ನನಗೆ ಆ ನೋಟ ಗೊತ್ತಿತ್ತು. ಗಾಡಿಗೆ ಮರ ಆರಿಸುವಾಗಲೂ ಅವನು ಹಾಗೆಯೇ ನೋಡುತ್ತಿದ್ದ.

ಅದು ಆದದ್ದು ತೋಟದಲ್ಲಿ, ಸೊಪ್ಪು ಬಿಡಿಸುವಾಗ. ನನಗಿಂತ ಮೊದಲು ನೋಡಿದವಳು ಅತ್ತಿಗೆ. ನನಗೆ ಹನ್ನೆರಡು ತುಂಬಿ ಕೆಲವು ತಿಂಗಳಾಗಿತ್ತು. ಅವಳ ಮುಖದಲ್ಲಿ ಸಂತೋಷ ಮೂಡುವುದರೊಳಗೆ ನಾನು ಅವಳ ಕೈ ಹಿಡಿದುಕೊಂಡೆ. ಪರೀಕ್ಷೆ ಮುಗಿಯುವ ತನಕ, ಅತ್ತಿಗೆ, ಅಷ್ಟು ದಿನ ಯಾರಿಗೂ ಹೇಳಬೇಡ ಎಂದು ಬೇಡಿಕೊಂಡೆ. ಅವಳು ತುಂಬ ಹೊತ್ತು ಸೊಪ್ಪಿನ ಕಡೆ ನೋಡುತ್ತ ಕೂತಳು. ಅವಳಿಗೆ ಓದು ಬರಹ ಇರಲಿಲ್ಲ, ಪರೀಕ್ಷೆ ಎಂದರೆ ಏನೆಂದೂ ಸರಿಯಾಗಿ ತಿಳಿದಿರಲಿಲ್ಲ. ಆದರೆ ಹದಿನಾರಕ್ಕೆ ತೌರು ಬಿಟ್ಟು ಬರುವುದೆಂದರೆ ಏನು ಎಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

‘ನಾನು ಏಳಾಕಿಲ್ಲ ಬುಡು’ ಎಂದಳು. ‘ಆದ್ರೆ ಆ ದಿನ್ದಾಗೆ ಉಳದ ಕ್ವಾಣೆಗೆ ಮಾತ್ರ ಓಗ್ಬ್ಯಾಡ. ನಿನ್ ಪಾಲಿನ್ ಕೆಲ್ಸ ನಾ ಮಾಡ್ತೀನಿ.’

ಆ ತಿಂಗಳು ಹೇಗೋ ನಡೆಯಿತು. ನನ್ನ ಬಟ್ಟೆಯನ್ನು ಅತ್ತಿಗೆಯೇ ಕಾಲುವೆಗೆ ಒಯ್ದು ಒಗೆದು ತಂದಳು. ಒಣಗಿದ ಮೇಲೆ ಅದನ್ನು ಸಣ್ಣ ಗಂಟು ಕಟ್ಟಿ ಕೊಟ್ಟಿಗೆಯ ಸೂರಿನಲ್ಲಿ ಸಿಕ್ಕಿಸಿದೆವು. ಹುಳದ ಕೋಣೆಯಲ್ಲಿ ನನ್ನ ಸರದಿ ಬಂದಾಗಲೆಲ್ಲ ಅತ್ತಿಗೆ, ಇವಳು ಓದಿಕೊಳ್ಳಲಿ ಎಂದು ತಾನೇ ನುಗ್ಗಿದಳು. ಸುಳ್ಳು ಹೇಳಬೇಕಾಗಿ ಬರದಿದ್ದರೆ ಅವಳು ಯಾವ ಕೆಲಸವನ್ನೂ ಚೆನ್ನಾಗಿಯೇ ಮಾಡುತ್ತಿದ್ದಳು. ನಾನು ಎಂದಿನಂತೆ ಓಡಾಡಿದೆ, ಎಂದಿನಂತೆ ಉಂಡೆ, ಎಂದಿನಂತೆ ಅಜ್ಜಿಯ ತಲೆಗೆ ಎಣ್ಣೆ ಒತ್ತಿದೆ. ಎಂದಿನಂತೆ ಇರುವುದು ಎಷ್ಟು ಕೆಲಸದ ಸಂಗತಿ ಎಂಬುದು ಆಗ ತಿಳಿಯಿತು. ಹೇಗೆ ನಡೆಯುತ್ತೇನೆ, ಎಲ್ಲಿ ತಿರುಗುತ್ತೇನೆ, ಯಾವಾಗ ನಗುತ್ತೇನೆ ಎಂದು ನನ್ನನ್ನೇ ನಾನು ಹೊರಗೆ ನಿಂತು ನೋಡಿಕೊಳ್ಳಬೇಕಾಗಿತ್ತು. ಆ ಅಭ್ಯಾಸ ಇವತ್ತಿಗೂ ಬಿಟ್ಟಿಲ್ಲ.

ಮುಂದಿನ ತಿಂಗಳು ಹಾಗೆ ಆಗಲಿಲ್ಲ. ಹುಳಗಳಿಗೆ ನಾಲ್ಕು ಸಲ ಜ್ವರ ಬರುತ್ತದೆ ಎನ್ನುತ್ತಾರೆ. ಅಂದರೆ ತಿನ್ನುವುದನ್ನು ಬಿಟ್ಟು, ತಲೆ ಎತ್ತಿ ನಿಂತು, ಹಳೆಯ ಚರ್ಮ ಕಳಚುತ್ತವೆ. ನಾಲ್ಕನೆಯ ಜ್ವರ ಎದ್ದ ಮೇಲೆ ಅವಕ್ಕೆ ಬಕಾಸುರನ ಹಸಿವು. ಆ ಏಳೆಂಟು ದಿನ ಮನೆಯಲ್ಲಿ ಯಾರಿಗೂ ಕೂರಲು ಬಿಡುವಿಲ್ಲ, ಸೊಪ್ಪು ತಂದಷ್ಟೂ ಸಾಲದು. ಅಷ್ಟರಲ್ಲಿ ಜಡಿಮಳೆ ಹಿಡಿಯಿತು. ಅವ್ವ ಮುಟ್ಟಾಗಿ ಕೊಟ್ಟಿಗೆ ಸೇರಿದಳು. ಅತ್ತಿಗೆ, ಅಣ್ಣ, ಅಪ್ಪ ಮೂವರೂ ತೋಟದಿಂದ ಒದ್ದೆ ಸೊಪ್ಪನ್ನೇ ಹೊತ್ತು ಹಾಕುತ್ತಿದ್ದರು. ಅಜ್ಜಿಯೊಬ್ಬಳ ಕೈಯಲ್ಲಿ ತಟ್ಟೆಗಳನ್ನು ಇಳಿಸಿ ಏರಿಸಲಾಗಲಿಲ್ಲ. ನಾನು ಅವತ್ತು ಬೆಳಿಗ್ಗೆಯಷ್ಟೇ ಹೊರಗಾಗಿದ್ದೆ. ‘ಬಾಮ್ಮಿ ಒಳೀಕೆ’ ಎಂದು ಅಜ್ಜಿ ಕರೆದಳು. ಒಲ್ಲೆ ಎನ್ನಲು ಒಂದೇ ಕಾರಣ ಇತ್ತು, ಅದನ್ನು ಹೇಳುವಂತಿರಲಿಲ್ಲ. ತಲೆನೋವೆಂದು ಅಂದುನೋಡಿದೆ. ಅಜ್ಜಿ ಹಣೆ ಮುಟ್ಟಿ ನೋಡಿ, ಏನೂ ಇಲ್ಲ ನಡಿ ಎಂದಳು. ನಾನು ಹೊಸ್ತಿಲು ದಾಟಿ ಒಳಗೆ ಹೋದೆ. ಮೂರು ದಿನ ತಟ್ಟೆ ತಟ್ಟೆಗೂ ಸೊಪ್ಪು ಹಾಕಿದೆ. ಹೊರೆ ಇಳಿಸಲು ಬಂದ ಅತ್ತಿಗೆ ನನ್ನನ್ನು ಒಳಗೆ ಕಂಡಳು, ಆ ಸಲವೂ ನನ್ನ ಬಟ್ಟೆ ಒಗೆದವಳು ಅವಳೇ.

ಐದನೆಯ ದಿನಕ್ಕೆ ಹುಳಗಳು ತಿನ್ನುವುದನ್ನು ಬಿಟ್ಟವು. ಮೈ ಊದಿಕೊಂಡು, ತಟ್ಟೆಯ ಅಂಚಿಗೆ ಹರಿದು ಬಂದು, ಮುಟ್ಟಿದರೆ ಹಾಲಿನಂಥ ನೀರು ಸೋರುತ್ತಿತ್ತು. ಹಾಲುತೊಂಡೆ ರೋಗ. ಮಾರನೆಯ ದಿನಕ್ಕೆ ಕೋಣೆಗೆ ಕಾಲಿಡಲಾಗದ ನಾತ. ಅಪ್ಪ ಮತ್ತು ಅಣ್ಣ ತಟ್ಟೆಗಳನ್ನು ಒಂದೊಂದಾಗಿ ಹೊರಗೆ ತಂದು ತಿಪ್ಪೆಗೆ ಸುರಿದರು. ಅವ್ವ ಹಿತ್ತಿಲ ಒಲೆಯ ಮುಂದೆ ಕೂತು ಗಟ್ಟಿಯಾಗಿ ಅತ್ತಳು. ಇನ್ನು ದನಿಯ ಕಟ್ಟಳೆ ಬೇಕಿರಲಿಲ್ಲ, ಆದರೂ ಬೇರೆ ಯಾರೂ ದನಿ ಎತ್ತಲಿಲ್ಲ. ಒದ್ದೆ ಸೊಪ್ಪು ಹಾಕಿದರೆ ಹಾಗಾಗುತ್ತದೆ ಎಂದು ಇವತ್ತು ನನಗೆ ಗೊತ್ತು. ಅವತ್ತು ನನಗೆ ಗೊತ್ತಿದ್ದದ್ದು ಬೇರೆ. ಅಷ್ಟೂ ಹುಳಗಳನ್ನು ಕೊಂದವಳು ನಾನು ಎಂದು ನಂಬಿದ್ದೆ. ತಿಪ್ಪೆಯ ಕಡೆ ನೋಡಲು ಹೆದರಿ ಎರಡು ದಿನ ಹಿತ್ತಿಲಿಗೆ ಹೋಗಲಿಲ್ಲ.

ಮೂರನೆಯ ದಿನ ಬೆಳಿಗ್ಗೆ ಅಜ್ಜಿ ನಡುಮನೆ ಸಾರಿಸಿ, ಒಂದು ಸೇರಿನ ತುಂಬ ರಾಗಿ ತುಂಬಿ, ಅದರ ಮೇಲೆ ದೀಪ ಹಚ್ಚಿಟ್ಟಳು. ಮನೆಯ ಹೆಂಗಸರೆಲ್ಲ ಸ್ನಾನ ಮಾಡಿ ಬಂದು ಆಣೆ ಮಾಡಬೇಕು. ನಮ್ಮ ಮನೆಯ ಆಣೆಗೆ ಎರಡು ತುಂಡು. ಮೊದಲನೆಯದು, ನಾನು ಮುಟ್ಟಾಗಿ ಒಳಗೆ ಹೋಗಿಲ್ಲ ಎಂದು. ಎರಡನೆಯದು, ಹೋದವರನ್ನು ನಾನು ಕಾಣೆ ಎಂದು. ಎರಡನೆಯ ತುಂಡನ್ನು ಯಾವ ಮುತ್ತಜ್ಜಿ ಸೇರಿಸಿದ್ದಳೋ, ಜಾಣೆ. ಮೊದಲು ಅಜ್ಜಿ ತಾನೇ ಮಾಡಿದಳು. ಆಮೇಲೆ ಅವ್ವ. ಆಮೇಲೆ ನನ್ನನ್ನು ಕರೆದಳು. ನಾನಿನ್ನೂ ಮಗು, ನನ್ನಿಂದ ಯಾಕೆ ಎಂದು ಅವ್ವ ಅಂದಳು. ಮಗುವೇ ಆಗಿದ್ದರೆ ಹೆದರಿಕೆ ಏನು ಎಂದಳು ಅಜ್ಜಿ.

ನಾನು ದೀಪದ ಮೇಲೆ ಕೈ ಹಿಡಿದೆ. ಅಂಗೈಗೆ ಬಿಸಿ ತಾಗುತ್ತಿತ್ತು. ತಪ್ಪು ಮಾಡದ ಮಗು ಇಂಥ ಹೊತ್ತಿನಲ್ಲಿ ಹೇಗಿರುತ್ತದೆ ಎಂದು ಯೋಚಿಸಿದೆ. ಅದು ಅಳುವುದಿಲ್ಲ, ಗಂಭೀರವಾಗಿಯೂ ಇರುವುದಿಲ್ಲ. ಅದಕ್ಕೆ ಸ್ವಲ್ಪ ಬೇಜಾರಾಗಿರುತ್ತದೆ, ಶಾಲೆಗೆ ಹೊತ್ತಾಗುತ್ತಿರುತ್ತದೆ. ಬಾಗಿಲ ಕಡೆ ಒಮ್ಮೆ ನೋಡಿ, ಅಜ್ಜಿಯ ಕಣ್ಣಲ್ಲಿ ಕಣ್ಣಿಟ್ಟೆ.

‘ನಾನು ಮುಟ್ಟಾಗಿ ಒಳೀಕೆ ಓಗಿಲ್ಲ. ಓದೋರ್ನ ನಾ ಕಾಣೆ.’

ಅಜ್ಜಿ ತಲೆ ಆಡಿಸಿದಳು. ನಾನು ಪುಸ್ತಕದ ಚೀಲ ಎತ್ತಿಕೊಂಡೆ. ನನ್ನ ಹಿಂದೆ ಅತ್ತಿಗೆ ಬಂದು ನಿಂತಳು. ಅವಳು ಕೈ ಚಾಚಿ ಮೊದಲನೆಯ ತುಂಡನ್ನು ಗಟ್ಟಿಯಾಗಿ ಹೇಳಿದಳು. ಆಮೇಲೆ ನಿಂತುಬಿಟ್ಟಳು. ಅಜ್ಜಿ ಕಾದಳು. ಮುಂದಿನದು ಹೇಳು ಎಂದಳು. ಅತ್ತಿಗೆಯ ಕಿವಿ ಕೆಂಪಾಯಿತು, ಕತ್ತು ಕೆಂಪಾಯಿತು. ಬಾಯಿ ತೆರೆದು ಮತ್ತೆ ಮುಚ್ಚಿದಳು. ನನ್ನ ಕಡೆ ಒಮ್ಮೆಯೂ ನೋಡಲಿಲ್ಲ. ಕೊನೆಗೆ ಕೈಯನ್ನು ದೀಪದಿಂದ ಹಿಂದಕ್ಕೆ ತೆಗೆದುಕೊಂಡು, ‘ಅದ್ನ ನಾನು ಏಳಾಕಾಗಲ್ಲ’ ಎಂದಳು. ಯಾಕೆಂದು ಎಷ್ಟು ಕೇಳಿದರೂ ಉಸಿರೆತ್ತಲಿಲ್ಲ. ನನಗೆ ಕೊಟ್ಟ ಮಾತನ್ನೂ ಮುರಿಯದೆ, ದೀಪದ ಮುಂದೆ ಸುಳ್ಳೂ ಆಡದೆ ಉಳಿಯಲು ಅವಳಿಗಿದ್ದ ದಾರಿ ಅದೊಂದೇ. ಅಜ್ಜಿಗೆ ಕಂಡದ್ದು ಇಷ್ಟೇ: ಎಲ್ಲರೂ ಆಣೆ ಪೂರ್ತಿ ಮಾಡಿದರು, ಸೊಸೆ ಮಾಡಲಿಲ್ಲ. ನಾನು ಶಾಲೆಗೆ ಹೋದೆ. ಅವತ್ತಿನ ಪಾಠವನ್ನು ಎಂದಿಗಿಂತ ಚೆನ್ನಾಗಿ ಓದಿದೆ ಎಂದು ಮೇಡಂ ಹೇಳಿದರು.

ಎಷ್ಟೋ ವರ್ಷಗಳ ಮೇಲೆ, ಸಿನಿಮಾ ಬಿಟ್ಟು ಚುನಾವಣೆಗೆ ನಿಂತು ಗೆದ್ದು, ವಿಧಾನಸಭೆಯಲ್ಲಿ ಪ್ರಮಾಣವಚನ ಓದುವಾಗ ನನ್ನ ಕೈ ನಡುಗಿತು. ಕ್ಯಾಮೆರಾ ಮುಂದೆ ನಡುಗದವರು ಜನರ ಋಣಕ್ಕೆ ನಡುಗಿದರು ಎಂದು ಮರುದಿನ ಪತ್ರಿಕೆಗಳು ಬರೆದವು. ನಾನು ತಿದ್ದಲು ಹೋಗಲಿಲ್ಲ.

ಒಂದು ವಾರದೊಳಗೆ ಅತ್ತಿಗೆಯನ್ನು ತೌರಿಗೆ ಕಳಿಸಿದರು. ಬೈಗುಳ ಇಲ್ಲ, ಹೊಡೆತ ಇಲ್ಲ. ಅವಳ ಸೀರೆಗಳನ್ನು ಗಂಟು ಕಟ್ಟಿ, ಅಣ್ಣ ಅವಳನ್ನು ಬಸ್ಸು ಹತ್ತಿಸಿಕೊಂಡು ಹೋಗಿ ಬಿಟ್ಟು ಬಂದ. ಮೂರು ದಿನ ಅವನು ಯಾರೊಂದಿಗೂ ಮಾತಾಡಲಿಲ್ಲ, ನಾಲ್ಕನೆಯ ದಿನ ತೋಟಕ್ಕೆ ಹೋದ. ಹೊರಡುವಾಗ ಅತ್ತಿಗೆ ನನ್ನ ಕೂದಲನ್ನು ಬಾಚಿ ಜಡೆ ಹಾಕಿದಳು, ದಿನಾ ಹಾಕುತ್ತಿದ್ದಂತೆ. ಪರೀಕ್ಷೆ ಯಾವಾಗ ಎಂದು ಕೇಳಿದಳು. ಇನ್ನೂ ಐದು ತಿಂಗಳಿದೆ ಎಂದೆ. ಅವಳು ಜಡೆಯ ತುದಿಗೆ ಟೇಪು ಕಟ್ಟಿ ಎದ್ದಳು. ಬಾಯಿ ಬಿಟ್ಟರೆ ನನಗೆ ಮದ್ದೂರು, ಬಿಡದಿದ್ದರೆ ಅವಳಿಗೆ ಬಸರಾಳು. ನಾನು ಬಾಯಿ ಬಿಡಲಿಲ್ಲ. ಇದಕ್ಕೆ ಹನ್ನೆರಡು ವರ್ಷದ ಹುಡುಗಿ ಎಂಬ ಸಮಜಾಯಿಷಿ ಕೊಡಬಹುದು. ಕೊಡುವ ಮನಸ್ಸಿಲ್ಲ, ನನಗೆ ಎಲ್ಲ ತಿಳಿದಿತ್ತು.

ಮುಂದಿನ ಬೆಳೆಯೂ ಹಾಗೆಯೇ ಹೋಯಿತು. ಅದೇ ಊತ, ಅದೇ ಹಾಲಿನಂಥ ನೀರು. ಆ ತಿಂಗಳು ನಾನು ಏನೇನೋ ನೆಪ ಹೇಳಿ ಹೊಸ್ತಿಲು ದಾಟಿರಲಿಲ್ಲ. ಅಪ್ಪ ರೇಷ್ಮೆ ಇಲಾಖೆಯವರನ್ನು ಕರೆತಂದ. ಖಾಕಿ ಚಡ್ಡಿ ಹಾಕಿಕೊಂಡಿದ್ದ ಇನ್ಸ್‌ಪೆಕ್ಟರು ಅಜ್ಜಿಯ ಚಾಪೆ ದಾಟಿ ಬೂಟುಗಾಲಲ್ಲೇ ಕೋಣೆಗೆ ಹೋಗಿ, ತಟ್ಟೆ ಮೂಸಿ, ಗೋಡೆ ಮುಟ್ಟಿ ನೋಡಿ ಬಂದರು. ಹೋದ ಬೆಳೆಯಲ್ಲಿ ಒದ್ದೆ ಸೊಪ್ಪು ಹಾಕಿದಿರಿ, ಅದೇ ತಟ್ಟೆಗಳನ್ನು ಔಷಧಿಯಲ್ಲಿ ತೊಳೆಯದೆ ಈ ಬೆಳೆಗೂ ಇಟ್ಟಿರಿ, ಇನ್ನೇನಾಗುತ್ತದೆ ಎಂದರು. ಹೆಂಗಸರ ವಿಷಯ ಹೇಳಲು ಹೋದ ಅಪ್ಪನಿಗೆ, ಹುಳಕ್ಕೆ ಅದೆಲ್ಲ ಗೊತ್ತಾಗುವುದಿಲ್ಲ ಗೌಡರೇ ಎಂದು ಹೇಳಿ ಸೈಕಲ್ ಹತ್ತಿದರು. ನಾನು ಬಾಗಿಲ ಮರೆಯಲ್ಲಿ ನಿಂತು ಕೇಳಿಸಿಕೊಂಡೆ. ಎದೆಯ ಮೇಲಿನ ಕಲ್ಲು ಇಳಿದಂತಾಯಿತು. ಹುಳ ಕೊಂದವಳು ನಾನಲ್ಲ ಎಂದಮೇಲೆ ಅತ್ತಿಗೆಯೂ ಅಲ್ಲ, ಇನ್ನು ಅವಳನ್ನು ಕರೆಸುತ್ತಾರೆ, ನಾನು ಏನೂ ಹೇಳಬೇಕಾಗಿಲ್ಲ ಎಂದುಕೊಂಡೆ.

ಅಜ್ಜಿಯ ಲೆಕ್ಕಾಚಾರ ಬೇರೆ ಇತ್ತು. ಒದ್ದೆ ಸೊಪ್ಪೋ ಮತ್ತೊಂದೋ, ಹುಳ ಹೇಗಾದರೂ ಸಾಯಲಿ, ಅವಳು ಆಣೆ ಯಾಕೆ ಮಾಡಲಿಲ್ಲ? ಒಳಗೆ ಏನೋ ಇಟ್ಟುಕೊಂಡವಳೇ ಅಲ್ಲವೇ ಹಾಗೆ ಕೈ ಹಿಂತೆಗೆಯುವುದು? ಅಪ್ಪ ಬೀಡಿ ಹಿಡಿದು ಬೀದಿಯ ಕೊನೆಗೆ ಹೋದ. ಆ ತಿಂಗಳಲ್ಲೇ ದುದ್ದದಿಂದ ಇಬ್ಬರು ಬಂದು ಜಗಲಿಯಲ್ಲಿ ಕೂತು ಮಾತಾಡಿ ಹೋದರು. ಅವರ ಮನೆಯ ಹುಡುಗಿಯನ್ನು ಅಣ್ಣನಿಗೆ ತರುವ ಮಾತು ಎಂದು ಅವ್ವ ನನಗೆ ಹೇಳಿದಳು. ಅಣ್ಣ ಒಪ್ಪಿದನೇ ಎಂದು ಕೇಳಿದೆ. ಅವನನ್ನು ಯಾರು ಕೇಳುತ್ತಾರೆ ಎಂದಳು ಅವ್ವ.

ಎರಡು ದಿನ ನಾನು ತಡೆದುಕೊಂಡೆ. ಪರೀಕ್ಷೆಗೆ ಹೆಸರು ಕೊಟ್ಟಾಗಿತ್ತು, ಎರಡೂವರೆ ತಿಂಗಳಷ್ಟೇ ಬಾಕಿ. ಮೂರನೆಯ ದಿನ ಬೆಳಿಗ್ಗೆ ಅಜ್ಜಿ ಹಿತ್ತಿಲಲ್ಲಿ ಖಾಲಿ ತಟ್ಟೆಗಳಿಗೆ ಸಗಣಿ ಸಾರಿಸುತ್ತಿದ್ದಳು. ನಾನು ಹೋಗಿ ಎದುರಿಗೆ ನಿಂತು, ಅವತ್ತು ಮುಟ್ಟಾಗಿ ಒಳಗೆ ಹೋದವಳು ನಾನು, ಅತ್ತಿಗೆಗೆ ಅದು ಗೊತ್ತಿತ್ತು, ಅದಕ್ಕೇ ಅವಳು ಆಣೆ ಮಾಡಲಿಲ್ಲ ಎಂದು ಒಂದೇ ಉಸಿರಿಗೆ ಹೇಳಿದೆ. ಅಜ್ಜಿ ಕೈ ನಿಲ್ಲಿಸಲಿಲ್ಲ. ಅತ್ತಿಗೆ ಮೇಲಿನ ಮಮತೆಗೆ ಈ ಆಟ ಕಟ್ಟಬೇಡ, ಹೋಗಿ ಓದಿಕೋ ಎಂದಳು. ನಾನು ಬೇಕಾದರೆ ಮತ್ತೆ ದೀಪ ಮುಟ್ಟುತ್ತೇನೆ ಎಂದೆ. ಆಗ ಅವಳು ತಲೆ ಎತ್ತಿದಳು.

‘ಯಾವ ಆಣೇನ ನಂಬ್ಲವ್ವ? ಅವತ್ತು ಮಾಡಿದ್ನಾ, ಇವತ್ತು ಮಾಡಾದ್ನಾ?’

ನನಗೆ ಅಳು ಬಂತು. ಅದು ನಿಜವಾದ ಅಳು, ಆದರೆ ಅಜ್ಜಿ ಅದನ್ನೂ ಅಳೆದು ನೋಡುತ್ತಿದ್ದಳು. ಕೊನೆಗೆ ನಾನು ಕೊಟ್ಟಿಗೆಗೆ ಓಡಿ, ಸೂರಿನಲ್ಲಿ ಸಿಕ್ಕಿಸಿದ್ದ ಗಂಟನ್ನು ಎಳೆದು ತಂದು ಅವಳ ಮುಂದೆ ಬಿಚ್ಚಿದೆ. ನನ್ನ ಹಳೆಯ ಲಂಗದ ತುಂಡುಗಳು, ಎಷ್ಟು ಒಗೆದರೂ ಪೂರ್ತಿ ಹೋಗದ ಕಲೆ. ಅಜ್ಜಿ ತುಂಡುಗಳನ್ನು ಒಂದೊಂದಾಗಿ ತಿರುವಿ ನೋಡಿದಳು. ಆಮೇಲೆ ಸಗಣಿಗೈಯನ್ನು ನೆಲಕ್ಕೆ ಊರಿ ಕೂತುಬಿಟ್ಟಳು. ಹೊಡೆಯುತ್ತಾಳೆ ಎಂದುಕೊಂಡಿದ್ದೆ, ಹೊಡೆಯಲಿಲ್ಲ. ಎಷ್ಟು ತಿಂಗಳಾಯಿತು ಎಂದಷ್ಟೇ ಕೇಳಿದಳು. ಅವ್ವನನ್ನು ಕೂಗಿ, ಮದ್ದೂರಿಗೆ ಹೇಳಿ ಕಳಿಸು ಎಂದಳು.

ತಡವಾಗಿಯಾದರೂ ಮಾವ ಬಂದು ಗುಡ್ಲು ಹಾಕಿದ. ಅದರಲ್ಲಿ ನನ್ನನ್ನು ಒಂಬತ್ತು ದಿನ ಕೂರಿಸಿದರು. ಶಾಲೆಯ ಪುಸ್ತಕಗಳು ಅಟ್ಟಕ್ಕೆ ಹೋದವು. ಮೇಡಂ ಒಮ್ಮೆ ಮನೆಗೆ ಬಂದು, ಜಗಲಿಯಲ್ಲೇ ನಿಂತು ಅಪ್ಪನೊಡನೆ ಮಾತಾಡಿ ವಾಪಸು ಹೋದರು. ಮುಂದೆ ನಾಮಪತ್ರ ತುಂಬಿಸುವಾಗಲೆಲ್ಲ ವಿದ್ಯಾಭ್ಯಾಸದ ಜಾಗದಲ್ಲಿ ಮಿಡ್ಲಿಸ್ಕೂಲು, ಅಪೂರ್ಣ ಎಂದು ಬರೆಸಿದ್ದೇನೆ. ಆದರೆ ಮದುವೆ ಆಗಲಿಲ್ಲ. ಗುಡ್ಲಿನ ಹೊರಗೆ ನಿಂತು ಮಾವ ಅವ್ವನಿಗೆ ಹೇಳಿದ್ದು ಸೊಪ್ಪಿನ ಸಂದಿಯಿಂದ ನನಗೂ ಕೇಳಿಸಿತು. ಉರಿಯುವ ದೀಪದ ಮುಂದೆ ಕಣ್ಣು ಮಿಟುಕಿಸದೆ ಸುಳ್ಳು ಹೇಳಿದವಳನ್ನು ಕಟ್ಟಿಕೊಂಡು ನಾನು ಹೇಗೆ ಬಾಳಲಿ ಅಕ್ಕ ಎಂದ. ಅವ್ವ ಅತ್ತು ಕರೆದಳು. ನಾನು ಒಳಗೆ ಕೊಬ್ಬರಿ ಬೆಲ್ಲ ತಿನ್ನುತ್ತಿದ್ದೆ. ಇನ್ನಾರೂ ನನ್ನನ್ನು ಕೇಳಿ ಬರುವುದಿಲ್ಲ ಎಂದು ಗೊತ್ತಾಯಿತು. ಅದರಿಂದ ಆಗಬೇಕಾಗಿದ್ದ ದುಃಖ ಆಗಲಿಲ್ಲ.

ಗುಡ್ಲಿನಿಂದ ಎದ್ದ ಮರುವಾರ ಅಜ್ಜಿ ಒಂದು ಹೊಸ ಸೀರೆ, ಅರಿಶಿನ ಕುಂಕುಮ, ಎರಡು ಅಚ್ಚು ಬೆಲ್ಲವನ್ನು ಗಂಟು ಕಟ್ಟಿ ನನ್ನ ಕೈಗೆ ಕೊಟ್ಟಳು. ಅವಳು ತಪ್ಪಾಯಿತು ಎನ್ನಲಿಲ್ಲ, ಅವಳ ಬಾಯಿಂದ ಆ ಮಾತು ಯಾರೂ ಕೇಳಿದ್ದಿಲ್ಲ. ಅವಳನ್ನು ಕಳಿಸುವ ಹಾಗೆ ಮಾಡಿದ ಇವಳೇ ಬಂದು ಕರೆಯಲಿ ಎಂದು ಅಣ್ಣನಿಗೆ ಹೇಳಿದಳು. ಇದ್ದಿಲು ಗ್ಯಾಸಿನ ಬಸ್ಸಿನಲ್ಲಿ ದಾರಿಯುದ್ದಕ್ಕೂ ಹೊಗೆ ಕುಡಿಯುತ್ತ ಮಂಡ್ಯಕ್ಕೆ, ಅಲ್ಲಿಂದ ಎತ್ತಿನ ಗಾಡಿಯಲ್ಲಿ ಬಸರಾಳಿಗೆ ಹೋದೆವು. ಗಾಡಿಯಲ್ಲಿ ಅಣ್ಣ ನನಗೆ ಬೆನ್ನು ಮಾಡಿ ಕೂತಿದ್ದ. ಅಲ್ಲಿ ಅತ್ತಿಗೆಯ ಅಪ್ಪ ಅವನಿಗೆ ಜಗಲಿಯಲ್ಲಿ ಚಾಪೆ ಹಾಸಿ, ನೀರು ಕೊಟ್ಟು, ತಾವು ಎದುರಿನ ಕಂಬಕ್ಕೆ ಒರಗಿ ಕೂತರು. ಇಬ್ಬರೂ ಬೀದಿ ನೋಡುತ್ತಿದ್ದರು.

ಅತ್ತಿಗೆ ಹಿತ್ತಿಲಲ್ಲಿ ಹುರುಳಿ ಕೇರುತ್ತಿದ್ದಳು. ಸ್ವಲ್ಪ ಇಳಿದುಹೋಗಿದ್ದಳು. ನನ್ನನ್ನು ಕಂಡು ಮೊರ ನಿಲ್ಲಿಸದೆ, ಊಟ ಆಯಿತಾ ಎಂದು ಕೇಳಿದಳು. ನಾನು ಅವಳ ಎದುರು ಕೂತು ಎಲ್ಲವನ್ನೂ ಹೇಳಿದೆ. ಅಜ್ಜಿಗೆ ಹೇಳಿದ್ದು, ಗಂಟು ಬಿಚ್ಚಿದ್ದು, ಮಾವ ಬೇಡವೆಂದದ್ದು, ಪರೀಕ್ಷೆ ಹೋದದ್ದು. ಬಾ ಅತ್ತಿಗೆ, ಇನ್ನು ಯಾರೂ ಏನೂ ಅನ್ನುವುದಿಲ್ಲ ಎಂದೆ. ಪರೀಕ್ಷೆ ಹೋಯಿತು ಎಂದಾಗ ಅವಳ ಕೈ ನಿಂತಿತು. ಅಷ್ಟು ಮಾಡಿಯೂ ಹೋಯಿತಲ್ಲ ಎಂದಳು. ಅವಳಿಗೆ ನನ್ನ ಮೇಲೆ ಸಿಟ್ಟಿಲ್ಲವೆಂದು ನನಗೆ ಆಶ್ಚರ್ಯವಾಯಿತು. ಸಿಟ್ಟಿಲ್ಲವಾ ಎಂದು ಕೇಳಿಯೇಬಿಟ್ಟೆ. ಅವಳು ಮೊರದಲ್ಲಿದ್ದ ಎರಡು ಕಲ್ಲು ಆರಿಸಿ ಎಸೆದಳು.

‘ನಿನ್ ಬಟ್ಟೆ ಒಗ್ದೋಳು ನಾನು’ ಎಂದಳು. ‘ಆದ್ರೂ ಅವತ್ತು ನೀನು ದೀಪದ್ ಮ್ಯಾಲೆ ಕೈ ಇಟ್ಟು ಅಜ್ಜಿ ಮೊಕ ನೋಡ್ದಾಗ, ಇಲ್ಲ, ಈ ಮಗ ಮುಟ್ಟಾಗಿ ಒಳೀಕೆ ಓಗೇ ಇಲ್ಲ ಅಂತ ನಾನೇ ನಂಬ್ಬುಟ್ಟೆ ಕಣವ್ವ. ತೌರಿಗೆ ಕಳ್ಸಿದ್ದುಕ್ಕೆ ನಂಗೆ ಭಯ ಆಗ್ನಿಲ್ಲ. ಅದುಕ್ಕೆ ಆಯ್ತು.’

ನಾನು ತಲೆ ತಗ್ಗಿಸಿದೆ. ತಪ್ಪು ಮಾಡಿದವರು ಹಾಗೆ ತಲೆ ತಗ್ಗಿಸುತ್ತಾರೆಂದು ನನಗೆ ಗೊತ್ತಿತ್ತು. ನನ್ನಿಂದ ಅವಳ ಬಾಳು ಇನ್ನೇನು ಕೆಡುವುದರಲ್ಲಿತ್ತು, ನನ್ನ ಶಾಲೆ ಹೋಗಿತ್ತು, ಎರಡಕ್ಕೂ ಅಳಬೇಕಾಗಿತ್ತು. ಆದರೆ ಆ ಹೊತ್ತಿನಲ್ಲಿ ನನ್ನೊಳಗೆ ಅದಾವುದೂ ಇರಲಿಲ್ಲ. ಗೊತ್ತಿದ್ದವಳೇ ನಂಬಿದಳು ಎಂಬ ಒಂದೇ ಮಾತು ಮೈಯೆಲ್ಲ ಹರಡಿಕೊಳ್ಳುತ್ತಿತ್ತು. ಅಂಥ ಸಂತೋಷ ನನಗೆ ಅದುವರೆಗೆ ಆಗಿರಲಿಲ್ಲ. ತಡೆಯಲಾರದೆ ತಲೆ ಎತ್ತಿದೆ. ಅತ್ತಿಗೆ ನನ್ನ ಮುಖವನ್ನೇ ನೋಡುತ್ತಿದ್ದಳು, ಮತ್ತು ಅವಳಿಗೆ ಆ ಸಂತೋಷ ಕಂಡಿತು.